ಹೆಣ್ಣು ಯಾರಿಗಾಗಿ ಓದಬೇಕು? 1882ರ ಆಸುಪಾಸಿನಲ್ಲಿ ಇಬ್ಬರು ಕೊಟ್ಟ ಉತ್ತರ

ಶಿವಮೊಗ್ಗದ ಓದುಗಿ ಬರೆದಿದ್ದು:

ನಮ್ಮೂರ ಶಾಲೆಯ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಒಂದು ಮಾತು ಬರೆದಿದ್ದರು. ನಿಮ್ಮೂರಲ್ಲೂ ಇದ್ದೇ ಇರುತ್ತದೆ. "ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ." ಏಳು ವರ್ಷ ಆ ಗೋಡೆಯ ಮುಂದೆ ಸಾಲಲ್ಲಿ ನಿಂತು ಪ್ರಾರ್ಥನೆ ಹೇಳಿದವಳು ನಾನು. ಆಗ ಏನೂ ಅನ್ನಿಸಿರಲಿಲ್ಲ.

ಈಗ ಒಂದು ತಿಂಗಳಿಂದ ಪಂಡಿತಾ ರಮಾಬಾಯಿ ಮತ್ತು ತಾರಾಬಾಯಿ ಶಿಂಧೆ ಬರೆದಿದ್ದನ್ನು ಒಟ್ಟಿಗೆ ಇಟ್ಟುಕೊಂಡು ಓದುತ್ತಿದ್ದೇನೆ. ಆ ಗೋಡೆ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ. ಹುಡುಗ ಕಲಿತರೆ ಏನಾಗುತ್ತದೆ ಅಂತ ಯಾವ ಗೋಡೆ ಮೇಲೂ ಬರೆದಿಲ್ಲ, ಅಲ್ವಾ? ಅವನು ಕಲಿಯುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಹುಡುಗಿಗೆ ಮಾತ್ರ ಒಂದು ಕಾರಣ ಬೇಕು. ಆ ಕಾರಣವೂ ಬೇರೆಯವರಿಗೆ ಸಿಗುವ ಲಾಭ. ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ, ಮನೆ ಅಚ್ಚುಕಟ್ಟಾಗಿ ನಡೆಸುತ್ತಾಳೆ, ಗಂಡನಿಗೆ ಒಳ್ಳೆಯ ಜೊತೆಯಾಗುತ್ತಾಳೆ.

ಹತ್ತೊಂಬತ್ತನೇ ಶತಮಾನದ ಸುಧಾರಕರಲ್ಲಿ ಬಹಳ ಜನ ಇದೇ ಲೆಕ್ಕ ಹೇಳಿದರು. ಆದರೆ 1882ರಲ್ಲಿ ಮತ್ತು ಅದರ ಮುಂದಿನ ವರ್ಷಗಳಲ್ಲಿ ಈ ಇಬ್ಬರು ಕೇಳಿದ ಪ್ರಶ್ನೆಯೇ ಬೇರೆ. ಒಳ್ಳೆಯದು ಕೆಟ್ಟದ್ದು ಅಳೆಯುವ ಅಳತೆಗೋಲು ಗಂಡಿಗೊಂದು ಹೆಣ್ಣಿಗೊಂದು ಯಾಕೆ? ಓದಿನ ಮಾತು ಈ ಪ್ರಶ್ನೆಯ ಹಿಂದೆ ಬರುತ್ತದೆ.

ಮೊದಲು ತಾರಾಬಾಯಿ. ಈಗಿನ ಮಹಾರಾಷ್ಟ್ರದ ಬೇರಾರ್ ಸೀಮೆಯ ಬುಲ್ಢಾಣದವಳು. ಅಪ್ಪ ಬಾಪೂಜಿ ಹರಿ ಶಿಂಧೆ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್, ಜಾತಿ ಭೇದದ ವಿರುದ್ಧ ಜೋತಿರಾವ್ ಫುಲೆ ಕಟ್ಟಿದ ಸತ್ಯಶೋಧಕ ಸಮಾಜದವರು. ಮಗಳಿಗೆ ಮನೆಯಲ್ಲೇ ಓದು ಬರಹ ಕಲಿಸಿದರು. 1881ರಲ್ಲಿ ಸೂರತ್ತಿನಲ್ಲಿ ವಿಜಯಲಕ್ಷ್ಮಿ ಅನ್ನುವ ಎಳೆಯ ಬ್ರಾಹ್ಮಣ ವಿಧವೆ ತನಗೆ ಹುಟ್ಟಿದ ಕೂಸನ್ನು ಕೊಂದಳು ಅಂತ ಗಲ್ಲು ಶಿಕ್ಷೆ ಆಯಿತು. ಮೇಲ್ಮನವಿಯಲ್ಲಿ ಅದು ಗಡೀಪಾರಿಗೆ ಇಳಿಯಿತು. ಈ ನೆಪದಲ್ಲಿ ಪುಣೆಯ ಒಂದು ಪತ್ರಿಕೆ ಇಡೀ ಹೆಣ್ಣುಕುಲದ ನಡತೆಯನ್ನೇ ಹಳಿಯಿತು. ಅದಕ್ಕೆ ಉತ್ತರವಾಗಿ ತಾರಾಬಾಯಿ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಬರೆದಳು. 500 ಪ್ರತಿ, ಬೆಲೆ ಒಂಬತ್ತಾಣೆ.

ತುಲನೆ ಅಂದರೆ ತೂಗುವುದು. ಆಕೆ ಅಕ್ಷರಶಃ ಅದನ್ನೇ ಮಾಡುತ್ತಾಳೆ. ಹೆಂಗಸರ ಮೇಲೆ ಹೊರಿಸುವ ಒಂದೊಂದೇ ದೋಷ ತೆಗೆದುಕೊಳ್ಳುತ್ತಾಳೆ. ಚಂಚಲೆ ಅನ್ನುತ್ತೀರಾ? ಮೋಸಗಾತಿ ಅನ್ನುತ್ತೀರಾ? ಬುದ್ಧಿಗೇಡಿ ಅನ್ನುತ್ತೀರಾ? ಒಂದೊಂದನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಇನ್ನೊಂದು ತಟ್ಟೆಗೆ ಗಂಡಸರು ಅದೇ ವಿಷಯದಲ್ಲಿ ಮಾಡಿದ್ದನ್ನು ಹಾಕುತ್ತಾಳೆ. ಆ ವಿಧವೆಯ ಹೊಟ್ಟೆಯಲ್ಲಿದ್ದ ಮಗುವಿಗೆ ಅಪ್ಪ ಒಬ್ಬ ಇದ್ದನಲ್ಲ, ಅವನಿಗೆ ಯಾವ ಕೋರ್ಟು? ಹೆಂಡತಿ ಸತ್ತರೆ ಗಂಡ ಮತ್ತೆ ಹಸೆಮಣೆ ಏರುತ್ತಾನೆ, ಗಂಡ ಸತ್ತರೆ ಹೆಂಡತಿ ಮಾತ್ರ ಕತ್ತಲೆ ಮೂಲೆ ಸೇರಬೇಕು. ಯಾಕೆ? ಓದಿಲ್ಲ, ಲೋಕ ಗೊತ್ತಿಲ್ಲ ಅಂತ ಬೈಯುವವರೇ ಓದಲು ಬಿಡದವರು, ಹೊಸ್ತಿಲು ದಾಟಲು ಬಿಡದವರು.

ಈ ಪುಸ್ತಕ ಬಂದಾಗ ಬೈಗುಳ ಬಿತ್ತು. ಜೋತಿರಾವ್ ಫುಲೆ ಬಹಿರಂಗವಾಗಿ ಆಕೆಯ ಪರ ನಿಂತು ಬರೆದರು. ಆಮೇಲೆ ತಾರಾಬಾಯಿ ಇನ್ನೊಂದು ಪುಸ್ತಕ ಬರೆಯಲಿಲ್ಲ. ಇದ್ದ ಒಂದೂ ಮರೆತುಹೋಗಿ, 1975ರಲ್ಲಿ ಮತ್ತೆ ಅಚ್ಚಾಯಿತು. ತೊಂಬತ್ತಮೂರು ವರ್ಷ!

ರಮಾಬಾಯಿ ಬಗ್ಗೆ ಕೆಳಗೆ ಬರೆಯುತ್ತೇನೆ, ಇದೇ ಉದ್ದವಾಯಿತು. ನಿಮಗೆಲ್ಲ ಆ ಗೋಡೆ ಬರಹದ ಬಗ್ಗೆ ಏನು ಅನ್ನಿಸುತ್ತದೆ ಹೇಳಿ.

ಬಯಲುಸೀಮೆ ಮೇಷ್ಟ್ರು:

ಮೇಡಂ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವನು. ಆ ಮಾತನ್ನು ಗೋಡೆ ಮೇಲೆ ನಾನೇ ಪೇಂಟರ್ ಕೈಲಿ ಬರೆಸಿದ್ದೇನೆ. ನೀವು ಬರೆದಿದ್ದು ಓದಿ ಸ್ವಲ್ಪ ಬೇಜಾರಾಯಿತು, ಮುಚ್ಚುಮರೆ ಯಾಕೆ.

ಹಳ್ಳಿಯಲ್ಲಿ ಒಬ್ಬ ಅಪ್ಪನ ಹತ್ತಿರ ಹೋಗಿ "ನಿಮ್ಮ ಮಗಳಿಗೂ ಸಮಾನ ಹಕ್ಕು ಇದೆ" ಅಂದರೆ ಅವರು ತಲೆ ಅಲ್ಲಾಡಿಸಿ ಹೊಲಕ್ಕೆ ಹೋಗುತ್ತಾರೆ. "ನಾಳೆ ನಿಮ್ಮ ಮೊಮ್ಮಕ್ಕಳಿಗೆ ಅವಳೇ ಪಾಠ ಹೇಳಿಕೊಡುತ್ತಾಳೆ, ಮಾತ್ರೆ ಚೀಟಿ ಅವಳೇ ಓದುತ್ತಾಳೆ" ಅಂದರೆ ಒಂದು ನಿಮಿಷ ನಿಲ್ಲುತ್ತಾರೆ. ಆ ಒಂದು ನಿಮಿಷದಲ್ಲೇ ನಾವು ದಾಖಲಾತಿ ಮಾಡಿಸಿಕೊಳ್ಳುವುದು. ನಮ್ಮ ಅವ್ವ ನಾಲ್ಕನೇ ಕ್ಲಾಸಿನ ತನಕ ಓದಿದ್ದೂ ಇಂಥದೇ ಮಾತಿನಿಂದ. "ಕಾಗದ ಓದುವಷ್ಟು ಬಂದರೆ ಸಾಕು" ಅಂತ ಅಜ್ಜ ಕಳಿಸಿದ್ದರಂತೆ.

ಬಾಗಿಲು ತೆಗೆಸಿದ ಕೀಲಿಕೈಯನ್ನು ಸಣ್ಣದು ಅನ್ನಬೇಡಿ.

ಹೊಸ ಓದು:

ಮೇಷ್ಟ್ರ ಮಾತಿಗೆ ಒಂದು ಹಳೆಯ ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಹೆಣ್ಣಿನ ಹಕ್ಕುಗಳ ಬಗ್ಗೆ ಬರೆದಾಗ ಎರಡೂ ವಾದ ಬಳಸಿದಳು. ಒಂದು ಕಡೆ, ವಿವೇಕ ಅನ್ನುವುದು ಗಂಡಿಗೆ ಒಂದು ಜಾತಿಯದು, ಹೆಣ್ಣಿಗೆ ಇನ್ನೊಂದು ಜಾತಿಯದು ಅಂತ ಇಲ್ಲ, ಹಾಗಾಗಿ ಸದ್ಗುಣವೂ ಎರಡಿರಲು ಸಾಧ್ಯವಿಲ್ಲ ಅಂದಳು. ಇನ್ನೊಂದು ಕಡೆ, ಓದಿದ ಹೆಂಗಸು ಒಳ್ಳೆಯ ತಾಯಿಯಾಗುತ್ತಾಳೆ ಅಂತಲೂ ಹೇಳಿದಳು.

ಆಕೆಗೆ ಸಿಟ್ಟು ಇದ್ದದ್ದು ಫ್ರೆಂಚ್ ಚಿಂತಕ ರೂಸೋ ಮೇಲೆ. ಹೆಣ್ಣಿನ ಓದೆಲ್ಲ ಗಂಡಿಗೆ ಹಿತವಾಗುವ ಹಾಗೆ ಇರಬೇಕು ಅಂತ ಅವನು ಬರೆದಿದ್ದ. ಆಕೆ ಹೇಳಿದ್ದು ಏನು ಗೊತ್ತಾ? ಚಿಕ್ಕಂದಿನಿಂದ ಅಲಂಕಾರ ಒಂದನ್ನೇ ಕಲಿಸಿ, ಆಮೇಲೆ ಇವಳಿಗೆ ಅಲಂಕಾರ ಬಿಟ್ಟು ಬೇರೆ ಏನೂ ಬರುವುದಿಲ್ಲ ಅಂತ ದೂರುವುದು ಯಾವ ನ್ಯಾಯ? ತಾರಾಬಾಯಿ ತೊಂಬತ್ತು ವರ್ಷದ ಮೇಲೆ, ತನ್ನ ಮನೆಯ ನಾಲ್ಕು ಗೋಡೆ ನೋಡಿಕೊಂಡೇ ಅದೇ ಜಾಗಕ್ಕೆ ಬಂದಿದ್ದಾಳೆ. ನನಗೆ ಅದು ದೊಡ್ಡ ವಿಷಯ ಅನ್ನಿಸುತ್ತದೆ.

ಶಿವಮೊಗ್ಗದ ಓದುಗಿ:

ಮೇಷ್ಟ್ರೇ, ನಿಮಗೆ ಬೇಜಾರು ಮಾಡುವ ಉದ್ದೇಶ ಇರಲಿಲ್ಲ. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವವರ ಕಷ್ಟ ನನಗೆ ಗೊತ್ತು. ನಮ್ಮ ಚಿಕ್ಕಮ್ಮನೂ ಟೀಚರ್.

ನನ್ನ ಹೆದರಿಕೆ ಬೇರೆ. "ಕಾಗದ ಓದುವಷ್ಟು ಬಂದರೆ ಸಾಕು" ಅಂತ ಕಳಿಸಿದ ಅಜ್ಜ ಕಾಗದ ಓದಲು ಬಂದ ಕೂಡಲೇ ಬಿಡಿಸಿದರು ಅಲ್ವಾ? ನಾಲ್ಕನೇ ಕ್ಲಾಸಿಗೇ ನಿಂತಿತು. ಇನ್ನೊಬ್ಬರ ಉಪಯೋಗಕ್ಕೆ ಅಂತ ಕೊಟ್ಟ ಓದಿಗೆ ಗಡಿ ಹಾಕುವುದೂ ಆ ಇನ್ನೊಬ್ಬರೇ.

ಇದು ಸುಮ್ನೆ ಊಹೆ ಅಲ್ಲ. ಪುಣೆಯಲ್ಲಿ 1884ರಲ್ಲಿ ಸುಧಾರಕ ರಾನಡೆ ಮತ್ತು ಗೆಳೆಯರು ಹೆಣ್ಣುಮಕ್ಕಳ ಹೈಸ್ಕೂಲು ಶುರು ಮಾಡಿದರು. ಹುಜೂರ್‌ಪಾಗಾ ಶಾಲೆ ಅಂತ ಈಗಲೂ ಹೆಸರು. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರ ತನಕ ಪಾಠ. ತಿಲಕರ ಪತ್ರಿಕೆಗಳು ಇದನ್ನು ವಿರೋಧಿಸಿದವು. ಓದಲೇಬಾರದು ಅಂತ ಅಲ್ಲ. ಇಷ್ಟು ಹೊತ್ತು ಶಾಲೆಯಲ್ಲಿ ಕೂತರೆ ಮನೆಗೆಲಸ ಯಾರು ಮಾಡುತ್ತಾರೆ, ಇಂಗ್ಲಿಷು ಯಾಕೆ, ಹೊಲಿಗೆ ಮತ್ತು ಮನೆಯ ಶುಚಿ ಕಲಿಸಿದರೆ ಸಾಲದೆ ಅಂತ. ಸ್ವರಾಜ್ಯದ ವಿಷಯದಲ್ಲಿ ಯಾರಿಗೂ ಬಗ್ಗದ ಮನುಷ್ಯ ಹುಡುಗಿಯರ ಶಾಲೆಯ ವೇಳಾಪಟ್ಟಿಯ ಎದುರು ಹಾಗೆ ನಿಂತರು. ಓದುವಾಗ ನನಗೆ ನಿಜಕ್ಕೂ ನೋವಾಯಿತು.

ಈಗ ರಮಾಬಾಯಿ. ಈಕೆ ನಮ್ಮ ಘಟ್ಟದಲ್ಲಿ ಹುಟ್ಟಿದವಳು. 1858ರ ಏಪ್ರಿಲ್ 23, ಗಂಗಾಮೂಲ. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಚಿಕ್ಕ ವಯಸ್ಸಿನಲ್ಲಿ ಪುಣೆಗೆ ಓದಲು ಹೋಗಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ನೋಡಿ ಈ ಹುಡುಗನಿಗೆ ಆಶ್ಚರ್ಯವೋ ಆಶ್ಚರ್ಯ. ಊರಿಗೆ ಬಂದು ಹೆಂಡತಿಗೆ ಕಲಿಸಲು ಹೊರಟರು. ಮನೆಯ ಹಿರಿಯರು ಬಿಡಲಿಲ್ಲ. ಆಕೆ ತೀರಿಹೋದ ಎಷ್ಟೋ ಕಾಲದ ಮೇಲೆ ಎರಡನೇ ಮದುವೆ ಆಯಿತು. ಹುಡುಗಿಗೆ ಒಂಬತ್ತು ವರ್ಷ, ಇವರಿಗೆ ನಲವತ್ತು ದಾಟಿತ್ತು. ಗೋದಾವರಿ ತೀರದಲ್ಲಿ ಸ್ನಾನಕ್ಕೆ ಬಂದ ಯಾತ್ರಿಕನೊಬ್ಬ ಗುರುತಿಲ್ಲದ ಇವರಿಗೆ ಮಗಳನ್ನು ಕೊಟ್ಟು, ಮಾರನೇ ದಿನ ತನ್ನ ದಾರಿ ಹಿಡಿದ. ಈ ಪದ್ಧತಿ ಎಷ್ಟು ಕ್ರೂರ ಅಂತ ರಮಾಬಾಯಿಯೇ ಮುಂದೆ ಬರೆದಿದ್ದಾಳೆ. ಆ ಹುಡುಗಿಯೇ ಆಕೆಯ ತಾಯಿ ಲಕ್ಷ್ಮೀಬಾಯಿ.

ಈ ಹೆಂಡತಿಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸಿದರು. ಜಾತಿಯವರು ಉಡುಪಿಗೆ ಕರೆಸಿದರು. ಪಂಡಿತರ ಸಭೆಯ ನಡುವೆ ನಿಲ್ಲಿಸಿ, ಬಹಿಷ್ಕಾರ ಯಾಕೆ ಹಾಕಬಾರದು ಹೇಳು ಅಂದರು. ಶಾಸ್ತ್ರಿಗಳು ಶಾಸ್ತ್ರಗ್ರಂಥಗಳಿಂದಲೇ ಒಂದಾದ ಮೇಲೆ ಒಂದು ವಚನ ತೆಗೆದು, ಹೆಂಗಸರೂ ಶೂದ್ರರೂ ಪುರಾಣ, ಕಾವ್ಯ ಕಲಿಯಬಹುದು ಅಂತ ತೋರಿಸಿ ಗೆದ್ದು ಬಂದರು. ನಮ್ಮ ನೆಲದಲ್ಲಿ ನಡೆದ ಈ ವಾದ ನಮ್ಮ ಪಠ್ಯಪುಸ್ತಕದಲ್ಲಿ ನಾನಂತೂ ಓದಿರಲಿಲ್ಲ.

ಗಮನಿಸಿ, ಅಪ್ಪನ ವಾದಕ್ಕೂ ಒಂದು ಗಡಿ ಇತ್ತು. ಪುರಾಣ ಸರಿ, ವೇದ ಕೂಡದು.

ಕಾರ್ಕಳ ಕಡೆಯವನು:

ಮಾಳ ನಮಗೆ ಹತ್ತಿರ. ಕಾರ್ಕಳದಿಂದ ಕುದುರೆಮುಖಕ್ಕೆ ಘಟ್ಟ ಹತ್ತುವಾಗ ಸಿಗುವ ಊರು. ಗಂಗಾಮೂಲ ಘಟ್ಟದ ಮೇಲೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ. ಈಗ ಅದು ರಾಷ್ಟ್ರೀಯ ಉದ್ಯಾನದ ಒಳಗೆ. ಮಳೆಗಾಲದಲ್ಲಿ ಅಲ್ಲಿ ಎರಡು ಮಾರು ದೂರ ಕಾಣುವುದಿಲ್ಲ, ಜಿಗಣೆಗಳ ಕಾಟ ಬೇರೆ. ಅಂಥಲ್ಲಿ ಒಂದು ಸಂಸಾರ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳುತ್ತಿತ್ತು ಅಂದರೆ ನಂಬುವುದೇ ಕಷ್ಟ.

ಆಕೆಯ ನೆನಪಿನ ಬರಹದಲ್ಲಿ ಒಂದು ಸಾಲು ಇದೆ. ಆರು ತಿಂಗಳ ಕೂಸಿದ್ದಾಗ ಅಪ್ಪ ಅಮ್ಮ ಗಂಗಾಮೂಲ ಬಿಟ್ಟರು. ಕೂಸನ್ನು ದೊಡ್ಡ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಹೊತ್ತುಕೊಂಡು ಘಟ್ಟ ಇಳಿಸಿದರು. ಮುಂದೆ ತಾನು ಜೀವಮಾನ ಪೂರ್ತಿ ಊರೂರು ತಿರುಗಿದ್ದಕ್ಕೆ ಅದೇ ಮೊದಲು ಅಂತ ಆಕೆಯ ಭಾವನೆ. ಘಟ್ಟದ ತಿರುವು ದಾಟುವಾಗಲೆಲ್ಲ ನನಗೆ ಆ ಬೆತ್ತದ ಪೆಟ್ಟಿಗೆ ನೆನಪಾಗುತ್ತದೆ.

ಆಕೆಗೆ ಕನ್ನಡವೂ ಬರುತ್ತಿತ್ತು. ಮರಾಠಿ, ಹಿಂದೂಸ್ತಾನಿ, ಬಂಗಾಳಿ ಜೊತೆಗೆ.

ಶಿವಮೊಗ್ಗದ ಓದುಗಿ:

ತುಂಬಾ ಥ್ಯಾಂಕ್ಸ್ ಅಣ್ಣ. ಪೆಟ್ಟಿಗೆಯ ಸಾಲು ನಾನೂ ಓದಿದ್ದೆ. ನಿಮ್ಮ ಹಾಗೆ ಆ ದಾರಿ ನೋಡಿಲ್ಲ.

ಇನ್ನೊಂದು ಹತ್ತಿರದ ಚಿತ್ರ ಸೇರಿಸುತ್ತೇನೆ. ರಮಾಬಾಯಿಗೆ ಪಾಠ ಹೇಳಿದ್ದು ಹೆಚ್ಚಾಗಿ ತಾಯಿ. ಅಪ್ಪನಿಗೆ ಆಗ ವಯಸ್ಸಾಗಿತ್ತು. ತಾಯಿಗೆ ಹಗಲೆಲ್ಲ ಕೆಲಸ. ಹಾಗಾಗಿ ಬೆಳಕು ಹರಿಯುವ ಮೊದಲೇ, ಹಕ್ಕಿ ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ನೆಲದ ಹಾಸಿಗೆಯಿಂದ ಎತ್ತಿ ತೋಳಲ್ಲಿ ಹಿಡಿದುಕೊಂಡು, ಮುದ್ದು ಮಾತಾಡಿ ಎಚ್ಚರ ಮಾಡಿ ಶ್ಲೋಕ ಹೇಳಿಕೊಡುತ್ತಿದ್ದಳು. ಒಂಬತ್ತು ವರ್ಷಕ್ಕೆ ಮದುವೆಯಾಗಿ ಬಂದವಳು, ಗಂಡ ಕಲಿಸಿದ ಸಂಸ್ಕೃತವನ್ನು ಮಗಳಿಗೆ ದಾಟಿಸಿದಳು.

ನೋಡಿ ಮೇಷ್ಟ್ರೇ, ಇದು ನಿಮ್ಮ ಪರ ಸಾಕ್ಷಿ. ಹೆಣ್ಣೊಂದು ಕಲಿತು ಶಾಲೆ ತೆರೆದಿದ್ದು ಇಲ್ಲೇ. ನಾನು ಇದನ್ನು ಒಪ್ಪುತ್ತೇನೆ.

ಆದರೆ ಆ ಶಾಲೆಯಲ್ಲಿ ಕಲಿತ ಮಗಳು ಎಲ್ಲಿಗೆ ಹೋದಳು ಕೇಳಿ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಹಸಿವಿನಿಂದ ಒಬ್ಬರಾದ ಮೇಲೆ ಒಬ್ಬರು ಹೋದರು. ಅಣ್ಣ ಶ್ರೀನಿವಾಸನ ಜೊತೆ ದೇಶದ ಉದ್ದಕ್ಕೂ ನಡೆದು 1878ರಲ್ಲಿ ಕಲ್ಕತ್ತ ಸೇರಿದಳು. ಇಪ್ಪತ್ತು ವರ್ಷ. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. ಆಮೇಲೆ ಪರದೆಯ ಹಿಂದಿನ ಹೆಂಗಸರಿಗೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ಕೊಡು ಅಂದರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಹಿಡಿದು ಕೂತಳು.

ಅಲ್ಲಿ ಕಂಡಿದ್ದನ್ನು 1907ರಲ್ಲಿ ಬರೆದಿದ್ದಾಳೆ. ಈ ಗ್ರಂಥಗಳು ಎಲ್ಲದರಲ್ಲೂ ಒಂದಕ್ಕೊಂದು ಜಗಳ ಆಡುತ್ತವೆ. ಒಂದು ಹೌದು ಅಂದಿದ್ದಕ್ಕೆ ಇನ್ನೊಂದು ಅಲ್ಲ ಅನ್ನುತ್ತದೆ. ಎರಡೇ ವಿಷಯದಲ್ಲಿ ಎಲ್ಲಕ್ಕೂ ಒಮ್ಮತ. ಮೇಲ್ಜಾತಿಯೋ ಕೆಳಜಾತಿಯೋ, ಹೆಣ್ಣು ಅನ್ನುವ ಕುಲವೇ ಕೆಟ್ಟದ್ದು. ಎರಡನೆಯದು, ಗಂಡಸಿನ ಹಾಗೆ ಆಕೆಗೆ ಮೋಕ್ಷವಿಲ್ಲ. ಗಂಡನೇ ದೇವರು, ಅವನ ಸೇವೆ ಒಂದೇ ದಾರಿ.

ಹೆಂಗಸರಿಗೆ ಬುದ್ಧಿ ಹೇಳು ಅಂತ ಕೊಟ್ಟ ಪುಸ್ತಕಗಳೇ ಆಕೆಯ ಕಣ್ಣು ತೆರೆಸಿದವು. ಅದೇ ಕಾಲದಲ್ಲಿ ಬ್ರಹ್ಮ ಸಮಾಜದ ನಾಯಕ ಕೇಶವಚಂದ್ರ ಸೇನ್ "ವೇದ ಓದಿದ್ದೀಯಾ?" ಅಂತ ಕೇಳಿದರು. ಹೆಂಗಸರು ಓದಬಾರದಲ್ಲ ಅಂದಳು. ಅವರು ಒಂದು ಪ್ರತಿ ಕೈಗಿಟ್ಟರು. ಅಪ್ಪ ಹಾಕಿದ್ದ ಗಡಿ ಅಲ್ಲಿ ದಾಟಿತು.

ಓದು ಯಾಕೆ ಬೇಕು ಅನ್ನುವುದಕ್ಕೆ ನನಗೆ ಸಿಕ್ಕಿದ ಉತ್ತರ ಇದೇ ಜಾಗದಲ್ಲಿದೆ. ತನ್ನ ಬಗ್ಗೆ ಏನು ಬರೆದಿದ್ದಾರೆ ಅನ್ನುವುದನ್ನು ತಾನೇ ಓದಿ, ಒಪ್ಪುತ್ತೇನೋ ಇಲ್ಲವೋ ಅಂತ ತಾನೇ ತೀರ್ಮಾನ ಮಾಡುವುದಕ್ಕೆ.

ನೀಲಿ ಶಾಯಿ:

ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಈ ಕಥೆ ಅರ್ಧ. ರಮಾಬಾಯಿಯ 1887ರ ಇಂಗ್ಲಿಷ್ ಪುಸ್ತಕದ ಹೆಸರಲ್ಲೇ ಮೇಲ್ಜಾತಿ ಹಿಂದೂ ಹೆಣ್ಣು ಅಂತ ಇದೆ. ಆಕೆ ಹೇಳಿದ ಕೇಶಮುಂಡನ, ಬಾಲವಿಧವೆಯ ಗೋಳು ಎಲ್ಲ ನಿಜ. ಆದರೆ ಹೊಲದಲ್ಲಿ ಕೂಲಿ ಮಾಡುವ ಹೆಣ್ಣಿನ ಓದಿನ ಪ್ರಶ್ನೆಯನ್ನು ಆಕೆಗಿಂತ ಮೊದಲೇ ಎತ್ತಿದವರು ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆಗ ರಮಾಬಾಯಿ ಹುಟ್ಟಿಯೇ ಇರಲಿಲ್ಲ.

ಅವರ ಶಾಲೆಯಲ್ಲಿ ಓದಿದ, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲಿ ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಇನ್ನೂ ಚಿಕ್ಕ ಹುಡುಗಿ. ವೇದ ನೋಡುವ ಹಕ್ಕು ಬ್ರಾಹ್ಮಣರಿಗೆ ಮಾತ್ರ ಅಂದರೆ ನಮ್ಮ ಧರ್ಮ ಯಾವುದು ಅಂತ ದೇವರನ್ನೇ ಕೇಳುತ್ತಾಳೆ. ನಮ್ಮ ಹೆಂಗಸರು ಬಯಲಲ್ಲಿ, ಸೂರಿಲ್ಲದೆ ಹೆರಬೇಕಾದ ಕಷ್ಟ ಬರೆಯುತ್ತಾಳೆ. ಮೇಷ್ಟ್ರೇ, ಆ ಮಗುವಿಗೆ ಯಾರೂ "ಮೊಮ್ಮಕ್ಕಳಿಗೆ ಪಾಠ ಹೇಳು" ಅಂತ ಕಲಿಸಲಿಲ್ಲ. ಅಕ್ಷರ ಸಿಕ್ಕಿದ ಕೂಡಲೇ ಅವಳು ನೇರ ನ್ಯಾಯ ಕೇಳಿದಳು.

ಶಿವಮೊಗ್ಗದ ಓದುಗಿ:

ಮುಕ್ತಾ ಸಾಳ್ವೆಯನ್ನು ಮೊದಲ ಬರಹದಲ್ಲೇ ಹೇಳಬೇಕಿತ್ತು. ನನ್ನದು ತಪ್ಪು. ಮೂರು ವರ್ಷದ ಶಾಲೆ ಕಲಿಕೆಯಿಂದ ಅಂಥ ಬರಹ ಬಂತು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ ಕೇಳುವವ:

ಎಲ್ಲ ಸರಿ. ರಮಾಬಾಯಿ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ಕ್ರೈಸ್ತ ಮತಕ್ಕೆ ಸೇರಿದಳಲ್ಲ. ವಾಪಸ್ ಬಂದು ವಿಧವೆಯರಿಗಾಗಿ ತೆರೆದ ಶಾರದಾ ಸದನ ಶಾಲೆಯಲ್ಲಿ ಮತದ ವಿಷಯ ತರುವುದಿಲ್ಲ ಅಂತ ಮಾತು ಕೊಟ್ಟು, ಆಮೇಲೆ ಹುಡುಗಿಯರು ಆಕೆಯ ಪ್ರಾರ್ಥನೆಗೆ ಹೋಗುತ್ತಿದ್ದರು ಅಂತ ಗಲಾಟೆ ಆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರೇ ಹೊರಬಂದರು. ಹಾಗಿರುವಾಗ ಇದನ್ನು ಸ್ವತಂತ್ರ ಬುದ್ಧಿ ಅನ್ನಬೇಕಾ, ಇಲ್ಲಾ ಒಂದು ಗುರುಪೀಠ ಬಿಟ್ಟು ಇನ್ನೊಂದನ್ನು ಹಿಡಿದಿದ್ದು ಅನ್ನಬೇಕಾ? ಬೈಯಲು ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಶಿವಮೊಗ್ಗದ ಓದುಗಿ:

ಒಳ್ಳೆಯ ಪ್ರಶ್ನೆ ಸರ್. 1893ರ ಜಗಳದಲ್ಲಿ ಪೋಷಕರ ಸಿಟ್ಟಿಗೆ ಕಾರಣ ಇತ್ತು, ಮುಚ್ಚಿಡುವುದಿಲ್ಲ. ನಂಬಿ ಕಳಿಸಿದ್ದವರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು.

ಆದರೆ ಇನ್ನೊಂದು ಗುರುಪೀಠಕ್ಕೆ ತಲೆ ಒಪ್ಪಿಸಿದಳು ಅನ್ನುವುದನ್ನು ಆಕೆಯ ಪತ್ರಗಳು ಒಪ್ಪುವುದಿಲ್ಲ. ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಸಿಸ್ಟರ್ ಜೆರಾಲ್ಡಿನ್ ಅಂತ ಒಬ್ಬರು ಈಕೆಗೆ ತಾಯಿಯ ಸ್ಥಾನದಲ್ಲಿದ್ದರು. ಚರ್ಚು ಹೇಳಿದ್ದನ್ನು ವಿನಯದಿಂದ ಒಪ್ಪಿಕೋ ಅಂತ ಅವರ ಒತ್ತಾಯ. 1885ರಲ್ಲಿ ಈಕೆ ಉತ್ತರ ಬರೆದಳು. ನನಗೂ ಒಂದು ಅಂತಃಸಾಕ್ಷಿ ಇದೆ, ಮನಸ್ಸಿದೆ, ಸರಿ ತಪ್ಪು ತೂಗುವ ಬುದ್ಧಿ ಇದೆ, ದೇವರು ಯಾವುದನ್ನು ಮಾಡುವ ಶಕ್ತಿ ಕೊಟ್ಟಿದ್ದಾನೋ ಅದನ್ನು ನಾನೇ ಯೋಚಿಸಿ ನಾನೇ ಮಾಡಬೇಕು ಅಂತ. ಇದು ಆಕೆಯ ಮಾತಿನ ಸಾರ.

ಇನ್ನೊಂದು ಸಂಗತಿ ಕೇಳಿ. ಚೆಲ್ಟನ್‌ಹ್ಯಾಮ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಕೆ ಓದುತ್ತಾ ಸಂಸ್ಕೃತ ಕಲಿಸುತ್ತಿದ್ದಳು. ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್ಪರು ಬೇಡ ಅಂದರು. ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ನಾಳೆ ಇಂಡಿಯಾದಲ್ಲಿ ಆಕೆಗೆ ಮರ್ಯಾದೆ ಇರುವುದಿಲ್ಲವಂತೆ. ಆಗ ಈಕೆ ಕೇಳಿದಳು: ನನ್ನ ತಾಯಿ ಗಂಡು ಹುಡುಗರಿಗೆ ಪಾಠ ಹೇಳಿದಾಗ ನನ್ನ ಅಪ್ಪ ಬೇಡ ಅನ್ನಲಿಲ್ಲ, ನಾನು ಹೇಳಿದಾಗ ನನ್ನ ಗಂಡ ಬೇಡ ಅನ್ನಲಿಲ್ಲ, ನೀವು ಯಾಕೆ ಅನ್ನುತ್ತೀರಿ?

ಗಂಗಾಮೂಲದ ಕಾಡಿನ ಮನೆಯ ಪಾಠಶಾಲೆ ಇಂಗ್ಲೆಂಡಿನ ಬಿಷಪ್ಪರಿಗೆ ಉತ್ತರವಾಯಿತು. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು ಇದೇ. ಪುಣೆಯ ಶಾಸ್ತ್ರಿಗಳ ಎದುರು ಯಾವ ಮಾತು ಆಡಿದಳೋ ಬಿಳಿ ಪಾದ್ರಿಗಳ ಎದುರೂ ಅದೇ ಮಾತು. ನನ್ನ ನಡತೆ ತೀರ್ಮಾನಿಸುವ ಮೊದಲ ಅಧಿಕಾರ ನನ್ನದು.

ಹಾಗಂತ ಆಕೆ ಮೊದಲ ದಿನದಿಂದ ಹೀಗೆ ಇದ್ದಳು ಅಂತ ಅಲ್ಲ. 1882ರಲ್ಲಿ, ಗಂಡ ಕಾಲರಾದಲ್ಲಿ ತೀರಿಕೊಂಡ ವರ್ಷವೇ, ಮರಾಠಿಯಲ್ಲಿ ಬರೆದ 'ಸ್ತ್ರೀಧರ್ಮ ನೀತಿ'ಯಲ್ಲಿ ಅಕ್ಕ ತಂಗಿಗೆ ಹೇಳುವ ಬುದ್ಧಿಮಾತೇ ಜಾಸ್ತಿ. ನಾಚಿಕೆ ಇರಲಿ, ಗಂಡನ ಸೇವೆ ಮಾಡಿ, ಸೋಮಾರಿಗಳಾಗಬೇಡಿ. ಆ ಪುಸ್ತಕ ಮಾರಿ ಬಂದ ದುಡ್ಡಲ್ಲಿ ಹಡಗು ಹತ್ತಿದಳು. ಐದು ವರ್ಷದಲ್ಲಿ ಮಾತು ಎಷ್ಟು ಬದಲಾಯಿತು ನೋಡಿ. ಫಿಲಡೆಲ್ಫಿಯಾದಲ್ಲಿ 1887ರಲ್ಲಿ ಬಂದ ಪುಸ್ತಕದಲ್ಲಿ ಮನುವಿನ ಶ್ಲೋಕಗಳನ್ನು ಒಂದೊಂದೇ ಎದುರಿಗಿಟ್ಟು ಪ್ರಶ್ನೆ ಮಾಡುತ್ತಾಳೆ. ಪರಿಹಾರವಾಗಿ ಕೇಳುವುದು ಮೂರು. ಹೆಂಗಸು ತನ್ನ ಕಾಲ ಮೇಲೆ ನಿಲ್ಲಬೇಕು, ಓದಬೇಕು, ಕಲಿಸುವವರೂ ಈ ನೆಲದ ಹೆಂಗಸರೇ ಆಗಿರಬೇಕು.

ಹೊಸ ಓದು:

ಅದೇ 1882ರಲ್ಲಿ ಹಂಟರ್ ಶಿಕ್ಷಣ ಕಮಿಷನ್ ಪುಣೆಗೆ ಬಂದಿದ್ದಾಗ ಆಕೆ ಕೊಟ್ಟ ಹೇಳಿಕೆಯನ್ನೂ ಸೇರಿಸಿ ಅಕ್ಕ. ಆಗ ಇಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಹಸುಗೂಸು ಮನೋರಮಾ. ಹೆಣ್ಣು ಟೀಚರುಗಳಿಗೆ ತರಬೇತಿ ಕೊಡಿ, ಹೆಣ್ಣು ಡಾಕ್ಟರುಗಳು ಬೇಕು ಅಂತ ಕೇಳಿದಳು. ಓದಿದ ಗಂಡಸರಲ್ಲೇ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಣ್ಣಿನ ಓದಿಗೆ ವಿರೋಧ, ಸಾಸಿವೆ ಕಾಳಿನಷ್ಟು ತಪ್ಪು ಕಂಡರೂ ಬೆಟ್ಟ ಮಾಡುತ್ತಾರೆ ಅಂತ ಕಮಿಷನ್ ಮುಂದೆಯೇ ಹೇಳಿದಳು.

ಇನ್ನೊಂದು. 1889ರಲ್ಲಿ ಮುಂಬಯಿಯ ಸಾಮಾಜಿಕ ಪರಿಷತ್ತಿನಲ್ಲಿ ವಿಧವೆಯರ ತಲೆ ಬೋಳಿಸುವುದರ ವಿರುದ್ಧ ಮಾತಾಡಲು ನಿಂತಾಗ ಸಭೆಯಲ್ಲಿ ಗದ್ದಲ, ದನಿ ಹಿಂದಿನವರಿಗೆ ಕೇಳಿಸಲಿಲ್ಲ. ಆಕೆ ಸುಮ್ಮನೆ ನಿಂತು ಕಾದಳಂತೆ. ಆಮೇಲೆ, ನನ್ನ ದನಿ ಸಣ್ಣದಾಗಿದ್ದರೆ ಆಶ್ಚರ್ಯವಿಲ್ಲ, ದನಿ ಗಟ್ಟಿ ಮಾಡಿಕೊಳ್ಳಲು ನೀವು ಹೆಣ್ಣಿಗೆ ಅವಕಾಶವನ್ನೇ ಕೊಟ್ಟಿಲ್ಲವಲ್ಲ ಅಂದಳು. ಸಭೆ ತಣ್ಣಗಾಯಿತು.

ಮಲೆನಾಡಿನ ಅಜ್ಜಿ:

ಮಕ್ಕಳೇ, ನಾನು ಎಲ್ಲ ಓದುತ್ತಾ ಇದ್ದೆ. ನಮ್ಮ ಸಂಚಿಯ ಹೊನ್ನಮ್ಮನನ್ನು ಯಾರೂ ನೆನೆಯಲಿಲ್ಲವಲ್ಲ. ಚಿಕ್ಕದೇವರಾಯ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದವಳು. "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಅಂತ ಮುನ್ನೂರು ವರ್ಷದ ಹಿಂದೆಯೇ ಕೇಳಿದ್ದಾಳೆ. ನಾನು ಎಂಟನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಈಗಲೂ ನೆನಪಿದೆ.

ಶಿವಮೊಗ್ಗದ ಓದುಗಿ:

ಅಜ್ಜೀ, ನೀವು ಹೇಳಿದ್ದು ಸರಿ. ಆ ಸಾಲಿರುವ ಆಕೆಯ 'ಹದಿಬದೆಯ ಧರ್ಮ' ಕೃತಿ ಪೂರ್ತಿ ಪತಿವ್ರತೆಯ ಧರ್ಮದ್ದು. ಅದರ ನಡುವೆ ಈ ಸಾಲು ಹೇಗೆ ಸಿಡಿದು ಬಂತೋ. ಹೆಣ್ಣು ಅಂತ ಹಳಿಯುವವರನ್ನು ಕಣ್ಣು ಕಾಣದವರು ಅಂತ ಬೈದೇಬಿಟ್ಟಿದ್ದಾಳೆ. ಆದರೆ ಆ ಸಾಲೂ ತಾಯಿ ಅನ್ನುವ ಆಧಾರದ ಮೇಲೇ ನಿಲ್ಲುತ್ತದೆ. ತಾಯಿಯಾಗದ ಹೆಣ್ಣು, ಬಾಲವಿಧವೆ, ಮದುವೆಯೇ ಬೇಡ ಅಂದವಳು ಎಲ್ಲಿ ನಿಲ್ಲಬೇಕು? ನಂಜನಗೂಡು ತಿರುಮಲಾಂಬಾ ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು, ಮನೆಯಲ್ಲೇ ಓದಿ, 1910ರ ದಶಕದಲ್ಲಿ ತಾನೇ ಗ್ರಂಥಮಾಲೆ, ಪತ್ರಿಕೆ ನಡೆಸಿದಾಗ ಈ ಪ್ರಶ್ನೆ ಕನ್ನಡದಲ್ಲೂ ಮನೆಯೊಳಗೆ ಬಂತು ಅನ್ನಿಸುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಅವಸರದಲ್ಲಿ ಮುಗಿಸುವುದು ಬೇಡ.

ಕಲಬುರಗಿಯ ಹೆಣ್ಮಗಳು:

ನಮ್ಮ ಊರಿನ ಕೊಂಡಿಯೂ ಇದೆ ಅಕ್ಕಾ. ರಮಾಬಾಯಿಯ ಪ್ರಯತ್ನದಿಂದ 1912ರಲ್ಲಿ ಗುಲ್ಬರ್ಗಾದಲ್ಲಿ ಶಾಲೆ ಆಯಿತು. ಆಗ ಇದು ನಿಜಾಮರ ಸೀಮೆ. ಮಗಳು ಮನೋರಮಾ ಅದನ್ನು ನೋಡಿಕೊಂಡಳು. ತಾಯಿಗಿಂತ ಮೊದಲೇ, 1921ರಲ್ಲಿ ಮನೋರಮಾ ಹೋದಳು. 1922ರ ಏಪ್ರಿಲ್‌ನಲ್ಲಿ ರಮಾಬಾಯಿ. ಅಜ್ಜಿ ಲಕ್ಷ್ಮೀಬಾಯಿಯ ನಸುಕಿನ ಪಾಠ ಮೂರನೇ ತಲೆಮಾರಿಗೆ ನಮ್ಮ ಬಿಸಿಲೂರಿಗೆ ಬಂದಿತ್ತು ಅಂತ ಇವತ್ತು ಹೊಳೆಯಿತು.

ಪುಣೆ ಹತ್ತಿರದ ಕೇಡಗಾಂವದಲ್ಲಿ ರಮಾಬಾಯಿ ಕಟ್ಟಿದ ಮುಕ್ತಿ ಆಶ್ರಮದಲ್ಲಿ ಹೆಂಗಸರೇ ಅಚ್ಚುಕೂಟ ನಡೆಸುತ್ತಿದ್ದರು. ಬರಗಾಲದಲ್ಲಿ ಸಿಕ್ಕ ನೂರಾರು ಹೆಣ್ಣುಮಕ್ಕಳು, ಎಲ್ಲ ಜಾತಿಯವರು. ಅಕ್ಷರ ಬಾರದೆ ಬಂದವರು ಅಚ್ಚಿನ ಮೊಳೆ ಜೋಡಿಸುವಷ್ಟು ಕಲಿತರು. ನೀಲಿ ಶಾಯಿ ಅವರ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ, ಗೊತ್ತು. ಆದರೂ ಹೇಳಬೇಕು ಅನ್ನಿಸಿತು.

ಬಯಲುಸೀಮೆ ಮೇಷ್ಟ್ರು:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಗೋಡೆ ಬರಹ ಅಳಿಸಿಲ್ಲ. ನನ್ನ ಅವ್ವನ ನೆನಪು ಅದರಲ್ಲಿದೆ, ಅಳಿಸಲು ಮನಸ್ಸಾಗಲಿಲ್ಲ.

ಆದರೆ ನಿನ್ನೆ ಏಳನೇ ಕ್ಲಾಸಿನವರಿಗೆ ಒಂದು ಕೆಲಸ ಕೊಟ್ಟೆ. ನಾನು ಯಾಕೆ ಓದುತ್ತೇನೆ, ಒಂದೇ ಸಾಲಲ್ಲಿ ಬರೆಯಿರಿ ಅಂದೆ. ಹುಡುಗರು ಪೊಲೀಸ್, ಮಿಲಿಟರಿ, ಡ್ರೈವರ್ ಅಂತ ಬರೆದರು. ಹುಡುಗಿಯರಲ್ಲಿ ಮುಕ್ಕಾಲು ಜನ ಅಪ್ಪ ಅಮ್ಮನನ್ನು ನೋಡಿಕೊಳ್ಳಲು, ಮನೆಗೆ ಒಳ್ಳೆಯ ಹೆಸರು ತರಲು ಅಂತ ಬರೆದರು. ನಿಮ್ಮ ಮಾತು ಆಗ ನಾಟಿತು ಮೇಡಂ. ಒಬ್ಬಳು ಮಾತ್ರ "ನನಗೆ ಲೆಕ್ಕ ಅಂದರೆ ಇಷ್ಟ" ಅಂತ ಬರೆದಿದ್ದಾಳೆ. ಬೇರೆ ಏನೂ ಇಲ್ಲ. ಹಿಂದಿನ ಬೆಂಚಿನವಳು, ಕ್ಲಾಸಲ್ಲಿ ಬಾಯಿ ಬಿಡುವವಳಲ್ಲ.

ಶಿವಮೊಗ್ಗದ ಓದುಗಿ:

ಮೇಷ್ಟ್ರೇ, ಆ ಹುಡುಗಿಗೆ ಮುಂದೆ ಹೈಸ್ಕೂಲು ಎಷ್ಟು ದೂರ?

ಬಯಲುಸೀಮೆ ಮೇಷ್ಟ್ರು:

ನಮ್ಮಲ್ಲಿ ಎಂಟನೇ ಕ್ಲಾಸಿನ ತನಕ ಇದೆ. ಆಮೇಲೆ ಏಳು ಕಿಲೋಮೀಟರು. ಬೆಳಗ್ಗೆ ಒಂದೇ ಬಸ್ಸು, ಸಂಜೆಯದು ಹೊತ್ತಿಗೆ ಬರುವುದಿಲ್ಲ. ಈ ಭಾನುವಾರ ಅವರ ಮನೆಗೆ ಹೋಗಿ ಬರುತ್ತೇನೆ. ಅವಳ ಅಪ್ಪನಿಗೆ ಈ ಸಲ ಮೊಮ್ಮಕ್ಕಳ ಮಾತು ಹೇಳುವುದಿಲ್ಲ. ಅವಳ ಲೆಕ್ಕದ ನೋಟ್‌ಬುಕ್ ತೋರಿಸಬೇಕು ಅಂತಿದ್ದೇನೆ.